ಅಪ್ಪನ ಅಂಗವೈಕಲ್ಯ ಪಿಂಚಣಿಯ ಕೋರಿಕೆ ತಿರಸ್ಕೃತವಾಗಿದೆ: ಏಳು ವರ್ಷಗಳ ನಂತರ ಮೇಲ್ಮನವಿ ಸಾಧ್ಯವೇ?

ಪ್ರಶ್ನೆ: ಶಿರಾ ತಾಲ್ಲೂಕಿನಿಂದ, ಮಾಜಿ ಸೈನಿಕರ ಮಗಳು

ಮಾನ್ಯರೇ,

ನಮ್ಮ ತಂದೆಯವರು ಭೂಸೇನೆಯಲ್ಲಿ ವಾಹನ ಚಾಲಕರಾಗಿದ್ದು, 2018ರಲ್ಲಿ ಹವಾಲ್ದಾರ್ ಹುದ್ದೆಯಲ್ಲಿ ಸೇವಾವಧಿ ಮುಗಿಸಿ ಊರಿಗೆ ಬಂದರು. ಸೇರುವಾಗ ನಡೆದ ವೈದ್ಯಕೀಯ ಪರೀಕ್ಷೆಯಲ್ಲಿ ಅವರಿಗೆ ಯಾವ ಕಾಯಿಲೆಯೂ ಇರಲಿಲ್ಲ. ಸೇವೆಯ ಕೊನೆಯ ಭಾಗದಲ್ಲಿ ಲಡಾಖಿನ ಎತ್ತರದ ಪ್ರದೇಶದಲ್ಲಿ ಕಾನ್ವಾಯ್ ಗಾಡಿಗಳನ್ನು ಓಡಿಸುತ್ತಿದ್ದರು. ಅಲ್ಲಿಂದ ಪೀಸ್ ಸ್ಟೇಷನ್‌ಗೆ (ಗಡಿ ಮತ್ತು ಕಾರ್ಯಾಚರಣೆಗಳಿಂದ ದೂರದ ಸೇನಾ ನೆಲೆಗೆ) ವರ್ಗವಾಗಿ ಬಂದ ಕೆಲವೇ ತಿಂಗಳುಗಳಲ್ಲಿ ವಾರ್ಷಿಕ ಪರೀಕ್ಷೆಯಲ್ಲಿ ಅಧಿಕ ರಕ್ತದೊತ್ತಡ ಇರುವುದು ಗೊತ್ತಾಯಿತು. ಸೈನ್ಯದ ಆಸ್ಪತ್ರೆಯಲ್ಲಿ ದಾಖಲಿಸಿಕೊಂಡು, ಲೋ ಮೆಡಿಕಲ್ ಕೆಟಗರಿಗೆ, ಅಂದರೆ ಪೂರ್ಣ ಆರೋಗ್ಯವಿಲ್ಲದವರ ವರ್ಗಕ್ಕೆ ಹಾಕಿದರು. ಅಂದಿನಿಂದ ಇಂದಿನವರೆಗೂ ಅವರು ಮಾತ್ರೆಯ ಮೇಲೆಯೇ ಇದ್ದಾರೆ.

ನಿವೃತ್ತಿಯ ಸಮಯದಲ್ಲಿ ನಡೆದ ರಿಲೀಸ್ ಮೆಡಿಕಲ್ ಬೋರ್ಡ್ (ಸೈನ್ಯದ ವೈದ್ಯರ ಮಂಡಳಿ), ಈ ಕಾಯಿಲೆಯಿಂದಾದ ಅಂಗವೈಕಲ್ಯವನ್ನು ಜೀವಿತಾವಧಿಗೆ ಶೇ. 30 ಎಂದು ನಿಗದಿ ಮಾಡಿತು. ಆದರೆ ಅದೇ ಹಾಳೆಯಲ್ಲಿ, ಇದು ಸೈನಿಕ ಸೇವೆಯಿಂದ ಉಂಟಾದುದಲ್ಲ, ಸೇವೆಯಿಂದ ಉಲ್ಬಣಗೊಂಡುದೂ ಅಲ್ಲ ಎಂದು ಬರೆದು, ಕಾಯಿಲೆ ಪೀಸ್ ಸ್ಟೇಷನ್‌ನಲ್ಲಿ ಶುರುವಾಯಿತು ಎಂಬ ಒಂದೇ ಸಾಲನ್ನು ಕಾರಣವಾಗಿ ಕೊಟ್ಟಿದ್ದಾರೆ. ಅದರ ಆಧಾರದ ಮೇಲೆ ರೆಕಾರ್ಡ್ಸ್‌ನಿಂದ (ಸೈನಿಕರ ದಾಖಲೆಗಳನ್ನಿಡುವ ಸೇನಾ ಕಚೇರಿಯಿಂದ) ತಿರಸ್ಕಾರದ ಪತ್ರ ಬಂದಿತು. ಆರು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬಹುದೆಂದು ಅದರಲ್ಲಿಯೇ ಬರೆದಿತ್ತು. ಬಿ.ಪಿ.ಗೆಲ್ಲ ಡಿಸೆಬಿಲಿಟಿ ಪೆನ್ಷನ್ ಕೊಡುವುದಿಲ್ಲ ಎಂದು ಜೊತೆಯವರು ಹೇಳಿದ್ದರಿಂದ ಅಪ್ಪ ಆ ಪತ್ರವನ್ನು ಟ್ರಂಕಿನಲ್ಲಿಟ್ಟು ಹೊಲದ ಕೆಲಸಕ್ಕೆ ಇಳಿದರು. ಈಗ ಮಧುಗಿರಿ ಕಡೆಯ ಒಬ್ಬ ಮಾಜಿ ಸೈನಿಕರಿಗೆ ಇದೇ ಕಾಯಿಲೆಗೆ ನ್ಯಾಯಮಂಡಳಿಯಿಂದ ಆದೇಶ ಸಿಕ್ಕಿದೆಯೆಂದು ಕೇಳಿದ ಮೇಲೆ, ನಾನು ಆ ಕಾಗದಗಳನ್ನು ತೆಗೆದು ಓದಿದೆ.

ತಿಳಿದವರು ದಯವಿಟ್ಟು ಹೇಳಬೇಕು. ಇಷ್ಟು ವರ್ಷಗಳಾದ ಮೇಲೆ ಮೇಲ್ಮನವಿಗೆ ಅವಕಾಶವಿದೆಯೇ? ಅಪ್ಪನನ್ನು ಅನಾರೋಗ್ಯದ ಕಾರಣಕ್ಕೆ ಸೇವೆಯಿಂದ ತೆಗೆಯಲಿಲ್ಲ, ಅವಧಿ ಮುಗಿದು ಬಂದರು. ಅಂಥವರಿಗೆ ಈ ಪಿಂಚಣಿ ಅನ್ವಯಿಸುವುದೇ ಇಲ್ಲ ಎಂದು ಕೆಲವರು ಹೇಳುತ್ತಾರೆ, ಅದು ನಿಜವೇ? ಊರಿಗೆ ಬಂದ ಮೇಲೆ ಅವರಿಗೆ ಸೊಂಟದ ನೋವೂ ಹೆಚ್ಚಾಗಿದೆ. ಅದನ್ನೂ ಇದರಲ್ಲಿಯೇ ಸೇರಿಸಬಹುದೇ?

ಉತ್ತರ: ನಿವೃತ್ತ ಸುಬೇದಾರ್ (ಕ್ಲರ್ಕ್), ಕೋಲಾರ

ತಾಯಿ, ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಆ ತಪ್ಪು ತಿಳಿವಳಿಕೆಯಿಂದಲೇ ನಮ್ಮ ಜಿಲ್ಲೆಗಳಲ್ಲಿ ಎಷ್ಟೋ ಜನ ಅರ್ಜಿಯನ್ನೇ ಹಾಕದೆ ಕುಳಿತಿದ್ದಾರೆ. ಅವಧಿ ಮುಗಿಸಿ ನಿವೃತ್ತರಾದವರಿಗೂ, ನಿವೃತ್ತಿಯ ವೇಳೆ ಶೇ. 20ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವಿದ್ದು, ಅದು ಸೇವೆಯಿಂದ ಉಂಟಾದುದು ಅಥವಾ ಉಲ್ಬಣಗೊಂಡುದು ಎಂದು ಒಪ್ಪಿತವಾದರೆ, ಈಗ ಬರುತ್ತಿರುವ ಸೇವಾ ಪಿಂಚಣಿಯ ಜೊತೆಗೆ ಡಿಸೆಬಿಲಿಟಿ ಎಲಿಮೆಂಟ್, ಅಂದರೆ ಅಂಗವೈಕಲ್ಯಕ್ಕಾಗಿ ಕೊಡುವ ಭಾಗ ಸೇರುತ್ತದೆ. ನಿಮ್ಮ ತಂದೆಯವರ ಶೇ. 30 ಆ ಮಿತಿಯನ್ನು ದಾಟಿದೆ. ಹೀಗಾಗಿ ಎಷ್ಟು ಅಂಗವೈಕಲ್ಯ ಎಂಬ ಬಗ್ಗೆ ಜಗಳವಿಲ್ಲ. ಸೇವೆಗೂ ಕಾಯಿಲೆಗೂ ಸಂಬಂಧವಿದೆಯೇ ಎಂಬುದೊಂದೇ ಜಗಳ.

ಆ ಸಂಬಂಧವನ್ನು ನಿರ್ಧರಿಸಲು ಸೈನ್ಯದ ವೈದ್ಯರು ಬಳಸುವ ಮಾರ್ಗದರ್ಶಿಯೊಂದಿದೆ, ಗೈಡ್ ಟು ಮೆಡಿಕಲ್ ಆಫೀಸರ್ಸ್ ಎಂದು ಅದರ ಹೆಸರು. 2002ರದ್ದು, 2008ರಲ್ಲಿ ತಿದ್ದುಪಡಿಯಾದದ್ದು. ಅದರ 43ನೆಯ ಪ್ಯಾರಾ ರಕ್ತದೊತ್ತಡಕ್ಕೆ ಸಂಬಂಧಿಸಿದ್ದು. ಪ್ರೈಮರಿ ಹೈಪರ್‌ಟೆನ್ಷನ್ (ಬೇರೊಂದು ಕಾಯಿಲೆಯಿಂದ ಬಾರದ ಅಧಿಕ ರಕ್ತದೊತ್ತಡ) ಸೇವೆಯಿಂದಲೇ ಹುಟ್ಟಿತು ಎಂದು ಒಪ್ಪಲು ಆ ಪ್ಯಾರಾ ಸಿದ್ಧವಿಲ್ಲ. ಆದರೆ ಫೀಲ್ಡ್ (ಗಡಿ ಅಥವಾ ಕಾರ್ಯಾಚರಣೆಯ ನೆಲೆ), ಅತಿ ಎತ್ತರದ ಪ್ರದೇಶ ಅಥವಾ ಬಂಡುಕೋರರ ವಿರುದ್ಧ ಕಾರ್ಯಾಚರಣೆ ನಡೆಯುವ ಪ್ರದೇಶದಲ್ಲಿ ಸೇವೆಯಲ್ಲಿದ್ದಾಗ ಅದು ಕಾಣಿಸಿಕೊಂಡಿದ್ದರೆ, ಸೇವೆಯಿಂದ ಉಲ್ಬಣಗೊಂಡಿತೆಂದು ಪರಿಗಣಿಸಬೇಕು ಎನ್ನುತ್ತದೆ. ಅಷ್ಟೇ ಅಲ್ಲ, ಇಂಥ ಪ್ರದೇಶಗಳಲ್ಲಿ ದೀರ್ಘಕಾಲ, ಪದೇ ಪದೇ ಸೇವೆ ಮಾಡಿದ ನಂತರ ಈ ಕಾಯಿಲೆ ವರದಿಯಾಗುವುದುಂಟು, ಒತ್ತಡಕ್ಕೆ ಒಬ್ಬೊಬ್ಬರ ದೇಹ ಒಂದೊಂದು ರೀತಿ ಸ್ಪಂದಿಸುತ್ತದೆ ಎಂಬ ಮಾತನ್ನೂ ಅದೇ ಪ್ಯಾರಾ ಹೇಳುತ್ತದೆ. ನಿಮ್ಮ ತಂದೆಯವರ ಪ್ರಕರಣ ನಿಂತಿರುವುದು ಈ ಎರಡನೆಯ ಮಾತಿನ ಮೇಲೆ. ರಕ್ತದೊತ್ತಡ ಮೂಳೆ ಮುರಿತದಂತೆ ಒಂದು ದಿನದಲ್ಲಿ ಆಗುವುದಲ್ಲ. ಯಂತ್ರ ಅದನ್ನು ತೋರಿಸಿದ ದಿನವನ್ನೇ ಅದು ಆರಂಭವಾದ ದಿನವೆಂದು ಬೋರ್ಡ್ ಬರೆದುಬಿಟ್ಟಿದೆ.

ಆದ್ದರಿಂದ ಮೇಲ್ಮನವಿ ಬರೆಯುವ ಮೊದಲು ದಾಖಲೆಗಳನ್ನು ತರಿಸಿಕೊಳ್ಳಿ. ಎಎಫ್‌ಎಂಎಸ್‌ಎಫ್-16 ಎಂಬ ನಮೂನೆಯಲ್ಲಿರುವ ಬೋರ್ಡ್ ವರದಿಯ ಎಲ್ಲ ಪುಟಗಳು ಬೇಕು, ಕೊನೆಯ ಪುಟವೊಂದೇ ಸಾಲದು. ಅದರಲ್ಲಿ ಸೇವೆ ಮಾಡಿದ ಸ್ಥಳಗಳ ಪಟ್ಟಿಯಿದ್ದು, ಪ್ರತಿಯೊಂದರ ಮುಂದೆ ಪೀಸ್ ಅಥವಾ ಫೀಲ್ಡ್ ಎಂದು ಗುರುತಿಸಿರುತ್ತಾರೆ. ಲಡಾಖಿನ ಅವಧಿ ಅಲ್ಲಿ ಸರಿಯಾಗಿ ನಮೂದಾಗಿದೆಯೇ ನೋಡಿ. ಕಮಾಂಡಿಂಗ್ ಆಫೀಸರ್ ಹೇಳಿಕೆಯೂ ಅದರಲ್ಲಿಯೇ ಇರುತ್ತದೆ. ಸೇರುವಾಗಿನ ಪರೀಕ್ಷೆಯ ನಮೂನೆ ಎಎಫ್‌ಎಂಎಸ್‌ಎಫ್-2ಎ, ಕೆಟಗರಿಗೆ ಹಾಕಿದಾಗಿನ ಎಎಫ್‌ಎಂಎಸ್‌ಎಫ್-15, ವಾರ್ಷಿಕ ಪರೀಕ್ಷೆಗಳ ದಾಖಲೆ, ಫೀಲ್ಡ್‌ನಲ್ಲಿದ್ದಾಗ ತಲೆನೋವು, ತಲೆಸುತ್ತು ಎಂದು ಎಂಐ ರೂಮಿಗೆ (ಯೂನಿಟ್‌ನ ಚಿಕಿತ್ಸಾ ಕೊಠಡಿಗೆ) ಹೋಗಿದ್ದರೆ ಅದರ ನಮೂದು, ಇವಿಷ್ಟನ್ನೂ ಕೇಳಿ. ಎತ್ತರದ ಪ್ರದೇಶದಲ್ಲಿದ್ದಾಗಲೇ ಒಮ್ಮೆ ಒತ್ತಡ ಸ್ವಲ್ಪ ಹೆಚ್ಚಾಗಿ ದಾಖಲಾಗಿದ್ದರೂ, ಪೀಸ್ ಸ್ಟೇಷನ್‌ನಲ್ಲಿ ಶುರುವಾಯಿತು ಎಂಬ ಸಾಲು ಅಲ್ಲಿಗೇ ಬಿದ್ದುಹೋಗುತ್ತದೆ.

ಇವನ್ನು ಮಾಹಿತಿ ಹಕ್ಕು ಕಾಯ್ದೆಯಡಿ ರೆಕಾರ್ಡ್ಸ್‌ನ ಮಾಹಿತಿ ಅಧಿಕಾರಿಯಿಂದ ಪಡೆಯಬಹುದು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು, ಆನ್‌ಲೈನಿನಲ್ಲಿಯೂ ಕೇಳಬಹುದು. 30 ದಿನಗಳೊಳಗೆ ಉತ್ತರ ಬರಬೇಕು. ಅರ್ಜಿ ನಿಮ್ಮ ತಂದೆಯವರ ಹೆಸರಿನಲ್ಲಿಯೇ, ಅವರ ಸಹಿಯೊಂದಿಗೇ ಹೋಗಲಿ. ಮಗಳ ಹೆಸರಿನಲ್ಲಿ ಹೋದರೆ ಮತ್ತೊಬ್ಬರ ವೈದ್ಯಕೀಯ ದಾಖಲೆ ಎಂಬ ಕಾರಣಕ್ಕೆ ನಿರಾಕರಿಸಲು ಅವಕಾಶವಾಗುತ್ತದೆ.

ಸೊಂಟದ ನೋವನ್ನು ಇದರಲ್ಲಿ ಬೆರೆಸಬೇಡಿ. ಬೋರ್ಡ್ ವರದಿಯಲ್ಲಿ ಅದರ ಹೆಸರೇ ಇಲ್ಲದಿರುವಾಗ, ಅದನ್ನು ಸೇರಿಸಿದರೆ ಗಟ್ಟಿಯಾಗಿರುವ ವಾದವೂ ಸಡಿಲವಾಗಿ ಕಾಣುತ್ತದೆ. ನಿವೃತ್ತಿಯ ನಂತರ ಕಾಣಿಸಿಕೊಂಡ ಕಾಯಿಲೆಗೆ ಪ್ರತ್ಯೇಕ ನಿಯಮವಿದೆ; ಸೇವೆಯಲ್ಲಿದ್ದಾಗಲೇ ಅದರ ಬೀಜ ಬಿದ್ದಿತ್ತು ಎಂದು ವೈದ್ಯರು ಹೇಳಬೇಕಾಗುತ್ತದೆ.

ಉತ್ತರ: ವಕೀಲ, ಚಿಕ್ಕಬಳ್ಳಾಪುರ

ಸುಬೇದಾರ್ ಸಾಹೇಬರು ಹೇಳಿದ್ದು ಸರಿಯಾಗಿದೆ. ಕಾನೂನಿನ ಭಾಗವನ್ನಷ್ಟೇ ನಾನು ಸೇರಿಸುತ್ತೇನೆ.

ತಡವಾಗಿರುವುದರಿಂದ ಹಕ್ಕು ಸತ್ತುಹೋಗಿಲ್ಲ. ಪಿಂಚಣಿ ಪ್ರತಿ ತಿಂಗಳೂ ಕೊಡಬೇಕಾದ ಹಣವಾದ್ದರಿಂದ, ಅದನ್ನು ಕೊಡದಿರುವುದು ಪ್ರತಿ ತಿಂಗಳೂ ಮುಂದುವರಿಯುವ ಅನ್ಯಾಯವೆಂದು ನ್ಯಾಯಾಲಯಗಳು ಪರಿಗಣಿಸುತ್ತವೆ. ಸುಪ್ರೀಂ ಕೋರ್ಟ್ 2008ರಲ್ಲಿ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿತು. ಅದೂ ಅಂಗವೈಕಲ್ಯ ಪಿಂಚಣಿಯದೇ ಪ್ರಕರಣ. 1983ರಲ್ಲಿ ಸೇವೆಯಿಂದ ಹೊರಬಂದ ಸೈನಿಕರು ಹೈಕೋರ್ಟಿಗೆ ಹೋದದ್ದು 1999ರಲ್ಲಿ. ಪಿಂಚಣಿಯ ಹಕ್ಕು ಉಳಿಯಿತು, ಆದರೆ ಹಿಂಬಾಕಿಯನ್ನು ಅರ್ಜಿಗೆ ಹಿಂದಿನ ಮೂರು ವರ್ಷಗಳಿಗೆ ಸೀಮಿತಗೊಳಿಸಲಾಯಿತು. ಹಾಗಾಗಿ ನಿಮ್ಮ ತಂದೆಯವರಿಗೆ 2018ರಿಂದಲೂ ಬಾಕಿ ಸಿಗುತ್ತದೆಂದು ನಾನು ಆಸೆ ಹುಟ್ಟಿಸುವುದಿಲ್ಲ. ಇನ್ನು ಮುಂದೆ ತಡಮಾಡುವ ಪ್ರತಿ ತಿಂಗಳಿಗೂ ಹಿಂದಿನ ಒಂದು ತಿಂಗಳ ಬಾಕಿ ಕೈಬಿಡುತ್ತದೆ ಎಂಬುದನ್ನು ಮಾತ್ರ ನೆನಪಿಡಿ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಗಡುವು ಇದೆ, ಅದರ ಬಗ್ಗೆ ಯಾರೂ ಹೇಳುವುದಿಲ್ಲ. 2008ರ ಜನವರಿ 1ರ ನಂತರ ನಿವೃತ್ತರಾದವರಿಗೆ ಅನ್ವಯಿಸುವ ಅರ್ಹತಾ ನಿಯಮಗಳ ಪ್ರಕಾರ, ಸಾಮಾನ್ಯವಾಗಿ ಅರ್ಹತೆಯನ್ನು ಸಾಬೀತುಪಡಿಸುವಂತೆ ಸೈನಿಕನನ್ನು ಕೇಳುವಂತಿಲ್ಲ. ಆದರೆ ನಿವೃತ್ತಿಯಾಗಿ 15 ವರ್ಷ ಕಳೆದು, ಸೇವಾ ದಾಖಲೆಗಳು ನಾಶವಾದ ನಂತರ ಕೋರಿಕೆ ಸಲ್ಲಿಸಿದರೆ, ಸಾಬೀತುಪಡಿಸುವ ಹೊಣೆ ಸೈನಿಕನ ಮೇಲೆಯೇ ಬೀಳುತ್ತದೆ. ನಿಮ್ಮ ತಂದೆಯವರು ಇನ್ನೂ ಆ ಗಡುವಿನ ಒಳಗಿದ್ದಾರೆ. ಇದನ್ನು ಓದುತ್ತಿರುವವರಲ್ಲಿ 2012, 2013ರ ಸುಮಾರಿಗೆ ನಿವೃತ್ತರಾದವರಿದ್ದರೆ ಅವರು ನಿಜಕ್ಕೂ ಅವಸರ ಮಾಡಬೇಕು. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಗಳು ಬಂದಿವೆ. ಅವು ಅನಂತರ ನಿವೃತ್ತರಾದವರಿಗೆ ಸಂಬಂಧಿಸಿದವು, ನಿಮಗೆ ಯಾರಾದರೂ ಅವನ್ನು ತೋರಿಸಿ ಹೆದರಿಸಿದರೆ ಹೆದರಬೇಕಾಗಿಲ್ಲ.

ತೀರ್ಪುಗಳಲ್ಲಿ ನಿಮಗೆ ಆಧಾರವಾಗುವುದು 2013ರ ಧರಮ್‌ವೀರ್ ಸಿಂಗ್ ಪ್ರಕರಣ. ಸೇರುವಾಗ ಯಾವ ಕಾಯಿಲೆಯೂ ದಾಖಲಾಗಿರದಿದ್ದರೆ, ಆತ ಆರೋಗ್ಯವಂತನಾಗಿಯೇ ಸೇರಿದನೆಂದು ಭಾವಿಸಬೇಕು. ಅನಂತರ ಬಂದ ಕಾಯಿಲೆಗೂ ಸೇವೆಗೂ ಸಂಬಂಧವಿಲ್ಲ ಎನ್ನುವುದಾದರೆ ವೈದ್ಯಕೀಯ ಮಂಡಳಿ ಕಾರಣಗಳನ್ನು ಬರೆಯಬೇಕು. ಸಂದೇಹದ ಲಾಭ ಸೈನಿಕನಿಗೆ ಸಲ್ಲಬೇಕು ಎಂಬುದು ಅದರ ಸಾರ. ಪೀಸ್ ಸ್ಟೇಷನ್‌ನಲ್ಲಿ ಕಾಯಿಲೆ ಕಾಣಿಸಿತೆಂಬುದೊಂದೇ ಸಾಕಾಗುವ ಕಾರಣವಲ್ಲ ಎಂದು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ, ಸಕ್ಕರೆ ಕಾಯಿಲೆಯ ಪ್ರಕರಣವೊಂದರಲ್ಲಿ ಹೇಳಿದೆ. ನಿಮ್ಮ ತಂದೆಯವರ ವರದಿಯಲ್ಲಿರುವುದೂ ಅದೇ ಒಂದು ಸಾಲು.

ಆದರೆ ಎದುರು ಪಕ್ಷದ ಬಲವನ್ನೂ ತಿಳಿದಿರಬೇಕು. ಧರಮ್‌ವೀರ್ ಸಿಂಗ್ ತೀರ್ಪು ಆಧರಿಸಿದ್ದು 1982ರ ನಿಯಮಗಳನ್ನು; 2008ರ ನಿಯಮಗಳಲ್ಲಿ ಸೈನಿಕನ ಪರವಾಗಿ ಹಾಗೆ ಭಾವಿಸಬೇಕೆಂಬುದನ್ನು ತೆಳುಗೊಳಿಸಲಾಗಿದೆ, ಸೇವೆಯಲ್ಲಿದ್ದಾಗ ಕಾಯಿಲೆ ಬಂತೆಂದ ಮಾತ್ರಕ್ಕೆ ಅದು ಸೇವೆಯಿಂದಲೇ ಬಂತೆಂದು ಹೇಳಲಾಗದು ಎಂದು ಸರ್ಕಾರದ ವಕೀಲರು ಖಂಡಿತ ವಾದಿಸುತ್ತಾರೆ. 2019ರ ನರಸಿಂಗ್ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮನೋರೋಗದ ವಿಷಯದಲ್ಲಿ ಮಂಡಳಿಯ ಅಭಿಪ್ರಾಯವನ್ನೇ ಎತ್ತಿಹಿಡಿಯಿತು. ಇವುಗಳ ಜೊತೆಗೆ, ವರದಿಯಲ್ಲಿ ತೂಕ ಹೆಚ್ಚಿತ್ತು, ಧೂಮಪಾನವಿತ್ತು, ಮದ್ಯಪಾನವಿತ್ತು ಎಂಬ ನಮೂದು ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಅಂಥ ನಮೂದಿದ್ದರೆ ಅದಕ್ಕೆ ಉತ್ತರ ಸಿದ್ಧವಿರಬೇಕು. ಇಲ್ಲದಿದ್ದರೆ, ಅದು ಇಲ್ಲವೆಂಬುದನ್ನೇ ಮನವಿಯಲ್ಲಿ ಎತ್ತಿ ಹೇಳಬೇಕು.

ದಾರಿ ಹೀಗಿದೆ. ರೆಕಾರ್ಡ್ಸ್‌ನ ಮೂಲಕ ಮೊದಲ ಮೇಲ್ಮನವಿ, ವಿಳಂಬವನ್ನು ಮನ್ನಿಸುವ ಕೋರಿಕೆಯೊಂದಿಗೆ. ಅದು ತಿರಸ್ಕೃತವಾದರೆ ಆರು ತಿಂಗಳೊಳಗೆ ಎರಡನೆಯ ಮೇಲ್ಮನವಿ. ಅದೂ ಫಲಿಸದಿದ್ದರೆ 2007ರ ಕಾಯ್ದೆಯಡಿ ಸ್ಥಾಪಿತವಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕದವರು ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತಾರೆ. ಇಲಾಖೆಯೊಳಗಿನ ದಾರಿಯನ್ನು ಮುಗಿಸಿಕೊಂಡೇ ಬರಬೇಕೆಂದು ಆ ಕಾಯ್ದೆಯ 21ನೆಯ ಕಲಂ ಹೇಳುತ್ತದೆ. ಸಲ್ಲಿಸಿದ ಮನವಿಗೆ ಆರು ತಿಂಗಳು ಕಳೆದರೂ ಉತ್ತರ ಬಾರದಿದ್ದರೆ ದಾರಿ ಮುಗಿದಂತೆಯೇ ಲೆಕ್ಕ. ಆದ್ದರಿಂದ ಮನವಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ತಲುಪಿದ್ದಕ್ಕೆ ಪುರಾವೆ ಇಟ್ಟುಕೊಳ್ಳಿ. ಸೊಂಟದ ನೋವಿನ ಬಗ್ಗೆ ಸಾಹೇಬರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ.

ಹಣದ ವಿಷಯದಲ್ಲಿ ಒಂದು ಮಾತು. ಶೇ. 100ರ ಅಂಗವೈಕಲ್ಯಕ್ಕೆ ಕೊನೆಯ ವೇತನದ ಶೇ. 30ರಷ್ಟು ಡಿಸೆಬಿಲಿಟಿ ಎಲಿಮೆಂಟ್ ಸಿಗುತ್ತದೆ, ಕಡಿಮೆಯಿದ್ದರೆ ಅದೇ ಪ್ರಮಾಣದಲ್ಲಿ ಕಡಿಮೆ. ಪಿಂಚಣಿಗೆ ಲೆಕ್ಕವಾಗುವ ಕೊನೆಯ ವೇತನ 40,000 ರೂಪಾಯಿ ಎಂದಿಟ್ಟುಕೊಂಡರೆ ಶೇ. 30ಕ್ಕೆ 3,600 ರೂಪಾಯಿ ಆಗುತ್ತದೆ. ಆದರೆ ಶೇ. 50ಕ್ಕಿಂತ ಕಡಿಮೆಯಿರುವುದನ್ನು 50 ಎಂದು ಪೂರ್ಣಗೊಳಿಸುವ ಸೌಲಭ್ಯವಿದ್ದು, ಅವಧಿ ಮುಗಿಸಿ ನಿವೃತ್ತರಾದವರಿಗೂ ಅದು ಸಲ್ಲಬೇಕೆಂದು 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಆಗ ಅದೇ ಮೊತ್ತ 6,000 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ. ಮನವಿಯಲ್ಲಿ ಇದನ್ನು ಪ್ರತ್ಯೇಕವಾಗಿ ಕೇಳಿ. ಕೇಳದಿದ್ದರೆ ತಾನಾಗಿ ಸಿಗುತ್ತದೆಂದು ಭಾವಿಸಬೇಡಿ.

ಉತ್ತರ: ಗೌರಿಬಿದನೂರಿನಿಂದ, ಮಾಜಿ ಸೈನಿಕರ ಪತ್ನಿ

ತಂಗಿ, ನಮ್ಮ ಯಜಮಾನರ ಮೊಣಕಾಲಿನ ಪ್ರಕರಣದಲ್ಲಿ ನಾವು ಈ ದಾರಿಯನ್ನೆಲ್ಲ ನಡೆದಿದ್ದೇವೆ. ಕಾನೂನಿನ ಮಾತು ಮೇಲಿನವರು ಹೇಳಿದ್ದಾರೆ, ನಾನು ಹೇಳುವುದು ಬೇರೆ. ಹಿಂಬಾಕಿಯಲ್ಲಿ ಪಾಲು ಕೊಟ್ಟರೆ ಎಲ್ಲವನ್ನೂ ಮಾಡಿಸಿಕೊಡುತ್ತೇವೆ ಎನ್ನುವವರು ಮನೆ ಬಾಗಿಲಿಗೇ ಬರುತ್ತಾರೆ. ಖಾಲಿ ಹಾಳೆಗೆ ಸಹಿ, ಮೂಲ ಡಿಸ್ಚಾರ್ಜ್ ಬುಕ್, ಸ್ಪರ್ಶ್ (ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆ) ಖಾತೆಯ ಪಾಸ್‌ವರ್ಡ್, ಈ ಮೂರನ್ನು ಯಾರ ಕೈಗೂ ಕೊಡಬೇಡಿ. ಮನವಿ ಬರೆಯಲು ಸಹಾಯ ಬೇಕೆಂದರೆ ನಿಮ್ಮ ಜಿಲ್ಲೆಯನ್ನು ನೋಡಿಕೊಳ್ಳುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಕೇಳಿ. ಸೈನಿಕರ ಕುಟುಂಬಗಳಿಗೆ ಉಚಿತ ಕಾನೂನು ನೆರವು ನೀಡಲು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2025ರ ಜುಲೈನಲ್ಲಿ ವೀರ್ ಪರಿವಾರ್ ಸಹಾಯತಾ ಯೋಜನೆಯನ್ನು ಆರಂಭಿಸಿದೆ. 15100 ಸಂಖ್ಯೆಗೆ ಕರೆ ಮಾಡಿದರೂ ವಿಚಾರಿಸಬಹುದು.

ಇನ್ನೊಂದು, ಹೆಸರಿನ ವಿಷಯ. ನಮ್ಮ ಕಡೆ ಊರಿನ ಹೆಸರು, ತಂದೆಯ ಹೆಸರು ಎರಡನ್ನೂ ಇನಿಷಿಯಲ್ ಆಗಿ ಬರೆಯುತ್ತೇವೆ. ಸೈನ್ಯದ ದಾಖಲೆಯಲ್ಲಿ ಅದನ್ನು ಬಿಡಿಸಿ ಬರೆದಿರುತ್ತಾರೆ, ಆಧಾರ್‌ನಲ್ಲಿ ಮತ್ತೊಂದು ರೀತಿ ಇರುತ್ತದೆ. ಆದೇಶ ಬಂದ ಮೇಲೂ ನಮ್ಮ ಹಣ ನಿಂತದ್ದು ಈ ವ್ಯತ್ಯಾಸದಿಂದಲೇ. ಪಿಪಿಒ (ಪಿಂಚಣಿ ಪಾವತಿ ಆದೇಶ), ಆಧಾರ್, ಬ್ಯಾಂಕ್ ಪುಸ್ತಕ, ಸ್ಪರ್ಶ್, ನಾಲ್ಕರಲ್ಲಿಯೂ ಹೆಸರು ಮತ್ತು ಹುಟ್ಟಿದ ದಿನಾಂಕ ಒಂದೇ ಇವೆಯೇ ಎಂದು ಈಗಲೇ ನೋಡಿ. ಅಪ್ಪ ಬಿ.ಪಿ. ಮಾತ್ರೆಗಳನ್ನು ಇಸಿಎಚ್‌ಎಸ್‌ನಿಂದ (ಮಾಜಿ ಸೈನಿಕರ ಆರೋಗ್ಯ ಯೋಜನೆಯಿಂದ) ತೆಗೆದುಕೊಳ್ಳುತ್ತಿದ್ದರೆ ಆ ಚೀಟಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಡಿ.

ಪ್ರಶ್ನೆ ಕೇಳಿದವರು, ಶಿರಾ

ಮೂವರಿಗೂ ನಾನು ಹೃತ್ಪೂರ್ವಕವಾಗಿ ಋಣಿ. ಅಪ್ಪನ ಮುಂದೆ ಎಲ್ಲವನ್ನೂ ಓದಿ ಹೇಳಿದೆ. ಕೆಲಸ ಮಾಡಿದ ಕೈಗೆ ಸರ್ಕಾರ ಸಂಬಳವನ್ನೂ ಪಿಂಚಣಿಯನ್ನೂ ಕೊಟ್ಟಿದೆ, ಇನ್ನೇಕೆ ಕೇಳುವುದು ಎನ್ನುತ್ತಿದ್ದವರು, ಸಂಬಂಧವಿಲ್ಲ ಎಂದು ಬರೆದವರು ಕಾರಣವನ್ನೂ ಬರೆಯಬೇಕಾಗಿತ್ತು ಎಂಬುದನ್ನು ಕೇಳಿದ ಮೇಲೆ ಸಹಿ ಹಾಕಲು ಒಪ್ಪಿದ್ದಾರೆ. ಅವರ ಬಳಿಯಿರುವ ವರದಿಯಲ್ಲಿ ಕೊನೆಯ ಎರಡು ಪುಟಗಳು ಮಾತ್ರ ಇವೆ. ಅವುಗಳಲ್ಲಿ ತೂಕದ ಬಗ್ಗೆಯಾಗಲಿ ಮದ್ಯಪಾನದ ಬಗ್ಗೆಯಾಗಲಿ ಏನೂ ಇಲ್ಲ. ಲಡಾಖಿನಲ್ಲಿದ್ದಾಗ ಒಮ್ಮೆ ಮೂಗಿನಲ್ಲಿ ರಕ್ತ ಬಂದು, ಗಾಡಿ ಓಡಿಸದಂತೆ ಕೆಲವು ದಿನ ವಿಶ್ರಾಂತಿ ಕೊಟ್ಟಿದ್ದರೆಂದು ಅಪ್ಪ ಹೇಳುತ್ತಾರೆ. ಆ ದಾಖಲೆ ಸಿಗದೇ ಹೋದರೆ ಅದನ್ನು ಮನವಿಯಲ್ಲಿ ಹೇಳಬಹುದೇ? ಜೊತೆಗಿದ್ದ ಒಬ್ಬರು ಈಗ ಪಾವಗಡದಲ್ಲಿದ್ದಾರೆ.

ಉತ್ತರ: ನಿವೃತ್ತ ಸುಬೇದಾರ್, ಕೋಲಾರ

ಹೇಳಬಹುದು ತಾಯಿ, ಹೇಳಲೇಬೇಕು. ಆದರೆ ಮೂಗಿನ ರಕ್ತ ಬಿ.ಪಿ.ಯಿಂದಲೇ ಬಂತು ಎಂದು ನೀವಾಗಿ ತೀರ್ಮಾನಿಸಿ ಬರೆಯಬೇಡಿ. ಎತ್ತರದ ಒಣ ಹವೆಯಲ್ಲಿ ಅದು ಬೇರೆ ಕಾರಣಕ್ಕೂ ಬರುತ್ತದೆ ಎಂದು ಮಂಡಳಿಯ ವೈದ್ಯರು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ಯಾವ ತಿಂಗಳು, ಯಾವ ಯೂನಿಟ್, ಯಾವ ಎಂಐ ರೂಮ್, ಎಷ್ಟು ದಿನ ವಿಶ್ರಾಂತಿ ಎಂಬುದನ್ನು ಅಪ್ಪನಿಗೆ ನೆನಪಿರುವಷ್ಟು ಬರೆದು, ಆಗ ರಕ್ತದೊತ್ತಡವನ್ನು ಅಳೆದಿದ್ದರೇ, ಅಳೆದಿದ್ದರೆ ಎಷ್ಟಿತ್ತು ಎಂಬ ದಾಖಲೆಯನ್ನು ಸರ್ಕಾರವೇ ಹಾಜರುಪಡಿಸಬೇಕೆಂದು ಕೋರಿ. ಮಾಹಿತಿ ಹಕ್ಕಿನ ಅರ್ಜಿಯಲ್ಲಿಯೂ ಆ ತಿಂಗಳನ್ನು ಹೆಸರಿಸಿ ಕೇಳಿ. ದಾಖಲೆ ಲಭ್ಯವಿಲ್ಲ ಎಂಬ ಉತ್ತರ ಬಂದರೆ ಆ ಉತ್ತರವನ್ನೂ ಮನವಿಗೆ ಲಗತ್ತಿಸಿ. ಪಾವಗಡದವರಿಂದ ಅವರು ಕಣ್ಣಾರೆ ಕಂಡದ್ದಷ್ಟಕ್ಕೆ ಪ್ರಮಾಣಪತ್ರ (ಅಫಿಡವಿಟ್) ಮಾಡಿಸಿ, ಅವರ ಸೇನಾ ಸಂಖ್ಯೆ ಮತ್ತು ಆ ಯೂನಿಟ್‌ನಲ್ಲಿದ್ದ ಅವಧಿ ಅದರಲ್ಲಿರಲಿ.

30 ದಿನಗಳೊಳಗೆ ರೆಕಾರ್ಡ್ಸ್‌ನಿಂದ ಉತ್ತರ ಬಾರದಿದ್ದರೆ, ಮುಂದಿನ 30 ದಿನಗಳೊಳಗೆ ಮಾಹಿತಿ ಹಕ್ಕಿನ ಮೊದಲ ಮೇಲ್ಮನವಿ ಹಾಕಿ. ಪೂರ್ತಿ ವರದಿ ಕೈಗೆ ಬಂದ ಮೇಲೆ, ಹೆಸರು ಮತ್ತು ಸಂಖ್ಯೆಗಳನ್ನು ಮರೆಮಾಡಿ, ಸೇವಾ ಸ್ಥಳಗಳ ಪಟ್ಟಿಯಿರುವ ಪುಟವನ್ನೂ ಅಭಿಪ್ರಾಯದ ಪುಟವನ್ನೂ ಇಲ್ಲಿ ಹಾಕಿ. ಮನವಿಯ ಕರಡನ್ನು ನಾನು ನೋಡಿಕೊಡುತ್ತೇನೆ.